ಷಷ್ಟ್ಯಬ್ದಿಗೆ ಎರಡು ಪುಸ್ತಕ

ಭಾನುವಾರ, ಮಾರ್ಚ್ 9, 2025. ಮ್ಯಾಕ್ವೆರಿ ಪಾರ್ಕ್

ಸ್ವಸ್ತಿಶ್ರೀ. ಇಂದಿನಿಂದ ಈ ದಿನಚರಿಯನ್ನು ರಾಜರಹಸ್ಯವೆಂದು ಘೋಷಿಸಲಾಗಿದೆ. ನನ್ನ ರೂಮ್‌ಮೇಟ್‌ಗಳಿಬ್ಬರೂ ಪಂಜಾಬಿನವರು. ಕನ್ನಡ ಲಿಪಿ ಅವರ ಕಣ್ಣಿಗೆ ಜಿಲೇಬಿ ಅಂಗಡಿಯಂತೆ ಕಾಣುತ್ತದಂತೆ. ಆದಕಾರಣ ನಿರ್ಭಯವಾಗಿ ಬರೆಯುತ್ತೇನೆ: ಶ್ರೀಯುತ ಗೋಪೀನಾಥರ ಮಾನವನ್ನು ಅವರದೇ ಷಷ್ಟ್ಯಬ್ದಿಯ ದಿನ, ಅವರದೇ ಬಂಧುಮಿತ್ರರ ಸಮ್ಮುಖದಲ್ಲಿ, ಮಂಗಳವಾದ್ಯ ಸಹಿತ ಕಳೆಯಲು ನಾನು ಸಂಕಲ್ಪಿಸಿದ್ದೇನೆ.

ಅವಕಾಶವನ್ನು ಅವರೇ ತಂದು ಮಡಿಲಿಗೆ ಹಾಕಿದರು. ಇಂದು ಯುಗಾದಿ ಕಾರ್ಯಕ್ರಮದ ರಿಹರ್ಸಲ್ ಇತ್ತು. ನಾನು ನಿರೂಪಕ. ಮೈಕ್ ಜೋಡಿಸುವವನನ್ನು ‘ಧ್ವನಿವರ್ಧಕ ಚಕ್ರವರ್ತಿ’ ಎಂದು ಸಭೆಗೆ ಪರಿಚಯಿಸಿದೆ. ಅವನು ನಿಜವೆಂದು ನಂಬಿ ಕೈಮುಗಿದ. ಮುಂದಿನ ಸಾಲಿನಲ್ಲಿದ್ದ ಗೋಪೀನಾಥರು ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಹೆಗಲ ಮೇಲೆ ಕೈ ಹಾಕಿದರು.

“ಏನ್ ಕನ್ನಡ ಕಣಯ್ಯಾ ನಿಂದು! ಜೂನ್‌ನಲ್ಲಿ ನನಗೆ ಅರವತ್ತಾಗುತ್ತೆ. ಬಂದೋರಿಗೆಲ್ಲ ತಾಂಬೂಲದ ಜೊತೆ ಒಂದ್ ಪುಸ್ತಕ ಕೊಡೋಣ ಅಂತ ಪ್ಲಾನು. ನನ್ನ ಲೈಫ್ ಸ್ಟೋರಿ. ನಾನ್ ಹೇಳ್ತೀನಿ, ನೀನ್ ಬರಿ.”

“ಧನ್ಯೋಸ್ಮಿ ಅಂಕಲ್,” ಅಂದೆ. ಅದಕ್ಕೂ ನಕ್ಕರು.

ಅವರಿಗೆ ಗೊತ್ತಿಲ್ಲದ್ದು ಇಷ್ಟೇ. ಈ ಊರಿನದೇ ಕೆಲ್ಲಿವಿಲ್ ಬಡಾವಣೆಯ ಅವರ ಮನೆಯಲ್ಲಿ ನಾಲ್ಕು ವರ್ಷ ಅಡುಗೆ ಬೇಯಿಸಿ, ಬಚ್ಚಲು ತಿಕ್ಕಿ, ಪಾಸ್‌ಪೋರ್ಟನ್ನು ಅವರ ಬೀರುವಿಗೂ ತನ್ನನ್ನು ಲಾಂಡ್ರಿ ಪಕ್ಕದ ಕೋಣೆಗೂ ಒಪ್ಪಿಸಿ ಬದುಕಿದ ಹೆಂಗಸು ನನ್ನ ಅಮ್ಮನ ತಂಗಿ. ಪ್ರಫುಲ್ಲಾ ಚಿಕ್ಕಮ್ಮ. ಸಂಬಳ ಕೇಳಿದರೆ ‘ಪೊಲೀಸರಿಗೆ ಹಿಡಿದುಕೊಡ್ತೀವಿ, ನಿನ್ನ ವೀಸಾ ಮುಗಿದಿದೆ’ ಎನ್ನುತ್ತಿದ್ದರು. ಕಾರ್ಕಳದಲ್ಲಿ ಅಜ್ಜಿ ತೀರಿಕೊಂಡಾಗ ಅಮ್ಮ ಆ ಮನೆಗೆ ಫೋನ್ ಮಾಡಿದ್ದಳು. “ಹೇಳ್ತೀವಿ” ಅಂದರು. ಹೇಳಿದ್ದು ಅವರ ಮನೆಯಲ್ಲಿದ್ದ ನೆಂಟರೆಲ್ಲ ಊರಿಗೆ ಮರಳಿದ ಮೇಲೆ, ಅಜ್ಜಿಯ ಉತ್ತರಕ್ರಿಯೆಯ ಬೊಜ್ಜವೂ ಮುಗಿದು ಎಷ್ಟೋ ದಿನಕ್ಕೆ. ಅಳುವ ಆಳಿನಿಂದ ಅಡುಗೆ ಕೆಡುತ್ತದಲ್ಲ. ಅಜ್ಜಿಯಾದರೋ ಕೊನೆಗೆ ಬಾಗಿಲ ಕಡೆಗೇ ಮುಖ ಮಾಡಿ, “ಪ್ರಪ್ಪು ನನ್ನನ್ನು ಮರೆತಳು” ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಒಂದು ದಿನ ಪ್ಲಂಬರ್ ಮುಂಬಾಗಿಲು ತೆರೆದಿಟ್ಟು ಕೆಲಸ ಮಾಡುತ್ತಿದ್ದಾಗ ಚಿಕ್ಕಮ್ಮ ಬರಿಗಾಲಲ್ಲಿ ಪಕ್ಕದ ಮನೆಗೆ ನಡೆದಳು. ಈಗ ಮೆಲ್ಬರ್ನ್‌ನಲ್ಲಿ, ಸನ್‌ಶೈನ್ ಎಂಬ ಸಬರ್ಬಿನ ಒಂದು ಬ್ರೆಡ್ ಬೇಕರಿಯಲ್ಲಿದ್ದಾಳೆ. ಪೊಲೀಸರಿಗೆ ಹೇಳಿಕೆ ಕೊಟ್ಟಾಗಿದೆ, ಕೇಸು ನಡೆಯುತ್ತಿದೆ. ಆದರೆ ಇಲ್ಲಿಯ ಕನ್ನಡಿಗರ ಬಾಯಲ್ಲಿ ಕತೆ ಬೇರೆ: ‘ಗೋಪೀನಾಥರ ಮನೆ ಕೆಲಸದವಳು ಇಲ್ಲೇ ನೆಲೆಸೋ ಪಿಆರ್ ಆಸೆಗೆ ಯಾರದೋ ಜೊತೆ ಓಡಿಹೋದಳಂತೆ.’

ಶಪಥ: ಸೇಡು ತೀರುವವರೆಗೆ ಗಡ್ಡ ತೆಗೆಯುವುದಿಲ್ಲ.

ಶನಿವಾರ, ಮಾರ್ಚ್ 15. ಕೆಲ್ಲಿವಿಲ್‌ನಿಂದ ಮರಳಿ

ಮೊದಲ ಬೈಠಕ್. ಗೋಪೀನಾಥರು ಸೋಫಾದಲ್ಲಿ ಕಾಲು ಚಾಚಿ ಬಾಲ್ಯದಿಂದ ಶುರುಮಾಡಿದರು. ಬೀದಿದೀಪದಲ್ಲಿ ಓದಿದ್ದರಂತೆ. ಮೈಸೂರಿನ ಅವರ ಬಾಲ್ಯದ ಮನೆಯ ಫೋಟೋದಲ್ಲಿ ಕರೆಂಟಿನ ತೂಗುದೀಪ ಕಾಣುತ್ತಿತ್ತು, ನಾನು ಕೇಳಲಿಲ್ಲ. ಅವರ ಹೆಂಡತಿ ವಿಜಯಾ ಆಂಟಿ ಕೋಡುಬಳೆ ತಂದಿಟ್ಟರು.

“ಈಗ ಎಲ್ಲಾ ನಾನೇ ಮಾಡ್ಬೇಕು ನೋಡಪ್ಪ. ಇಂಡಿಯನ್ ಸ್ಟೋರ್‌ದು, ತಿನ್ನು.”

“ಅದೂ ಒಂದ್ ಚಾಪ್ಟರ್ ಬರ್ಕೋ,” ಅಂದರು ಗೋಪೀನಾಥರು. “ಊರಿಂದ ಒಬ್ಬಳು ಬಡ ಹುಡುಗೀನ ಕರ್ಕೊಂಡ್ಬಂದ್ವಿ. ಮನೆ ಮಗಳ ಥರ ನೋಡ್ಕೊಂಡ್ವಿ. ಉಪಕಾರಸ್ಮರಣೆ ಇಲ್ದೆ ಹೊರಟುಹೋದ್ಲು.”

“ಅದ್ಯಾಕ್ರೀ ಈಗ? ಬಿಡಿ.”

“ಇರ್ಲಿ ಕಣೆ. ಚಾಪ್ಟರ್ ಬೇಡ, ಮೂರ್ ಲೈನ್ ಸಾಕು. ನಾವ್ ಮಾಡಿದ್ದೂ ಜನಕ್ಕೆ ಗೊತ್ತಾಗ್ಲಿ.”

ಕೈ ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋದೆ. ಲಾಂಡ್ರಿ ಪಕ್ಕದ ಕೋಣೆಯಲ್ಲಿ ಈಗ ಟ್ರೆಡ್‌ಮಿಲ್ ಇದೆ. ಬಾಗಿಲಿನ ಹೊರಮೈಯಲ್ಲಿ ಚಿಲಕ ಇದ್ದ ಜಾಗದ ತೂತುಗಳನ್ನು ಪುಟ್ಟಿ ತುಂಬಿ ಬಳಿದಿದ್ದಾರೆ. ಬಣ್ಣ ಸ್ವಲ್ಪ ಬೇರೆ. ಬೆರಳಿಟ್ಟು ನೋಡಿದೆ.

ಇವತ್ತು ಇನ್ನೇನೂ ಬರೆಯಲಾರೆ.

ಮಂಗಳವಾರ, ಮಾರ್ಚ್ 18

ಗಡ್ಡದ ಶಪಥವನ್ನು ಅನಿವಾರ್ಯ ರಾಷ್ಟ್ರೀಯ ಕಾರಣಗಳಿಂದ, ಅಂದರೆ ಚಾಟ್ಸ್‌ವುಡ್‌ನ ಮೊಬೈಲ್ ಅಂಗಡಿಯ ಇಂಟರ್‌ವ್ಯೂ ಕಾರಣ, ಹಿಂಪಡೆಯಲಾಗಿದೆ. ಸೇಡು ಯಥಾಸ್ಥಿತಿಯಲ್ಲಿದೆ.

ಉಪಾಯ ಹೊಳೆದದ್ದು ಕ್ಲಾಸಿನಲ್ಲಿ. ಕಂಪ್ಯೂಟರ್ ಓದಿನ ಮಧ್ಯೆ ಸುಲಭವೆಂದು ಒಂದು ಇತಿಹಾಸದ ಪೇಪರ್ ತೆಗೆದುಕೊಂಡಿದ್ದೆ: ಅಮೆರಿಕದಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡವರ ಆತ್ಮಕಥೆಗಳು, ಗುಲಾಮಗಿರಿ ನಿಲ್ಲಿಸಲು ಹೊರಟವರ ಚಳವಳಿ. ಸುಲಭವೇನಲ್ಲ. ಎಷ್ಟೋ ಪುಸ್ತಕಗಳ ಮೊದಲಿಗೆ ಒಬ್ಬ ಬಿಳಿಯ ದೊಡ್ಡಮನುಷ್ಯನ ಮುನ್ನುಡಿ: ‘ಇದನ್ನು ಬರೆದವನನ್ನು ನಾನು ಬಲ್ಲೆ, ಇವನು ಹೇಳುವುದೆಲ್ಲ ನಿಜ.’ ಬೆನ್ನ ಮೇಲಿನ ಬಾಸುಂಡೆಗೂ ಗಣ್ಯರ ರುಜು ಬೇಕು! ಬರೆದವರು ಆ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಸಭೆಯಿಂದ ಸಭೆಗೆ ಹೋಗಿ ಮಾರುತ್ತಿದ್ದರಂತೆ.

ಚಿಕ್ಕಮ್ಮನೂ ಬರೆಯುತ್ತಿದ್ದಾಳೆ. ಮೆಲ್ಬರ್ನ್‌ನ ಗುಲಾಮಗಿರಿ ವಿರೋಧಿ ಸಂಸ್ಥೆಯೊಂದರ ಹೆಲೆನ್ ಎಂಬಾಕೆ ಬರೆಯಲು ಹೇಳಿದ್ದಾಳೆ. ಈಗ ನೋಡಿ ನನ್ನ ಚಾಣಕ್ಯತಂತ್ರ. ಷಷ್ಟ್ಯಬ್ದಿಯ ಪುಸ್ತಕವನ್ನು ಯಾರೂ ಓದುವುದಿಲ್ಲ, ಬರೆಸಿದವರಂತೂ ಖಂಡಿತ ಇಲ್ಲ, ಫೋಟೋ ನೋಡುತ್ತಾರೆ. ಪಿಡಿಎಫ್ ಬೆಂಗಳೂರಿನ ಪ್ರೆಸ್ಸಿಗೆ ಕಳಿಸುವವನು ನಾನು. ಗೋಪೀನಾಥರ ತಮ್ಮ ಸೂಟ್‌ಕೇಸಿನಲ್ಲಿ ತಂದು ನೇರ ತಾಂಬೂಲದ ಚೀಲಕ್ಕೆ ಹಾಕುತ್ತಾರೆ. ರಟ್ಟು ಗೋಪೀನಾಥರದು, ಮೈಸೂರು ಪೇಟ ತೊಟ್ಟ ಫೋಟೋ ಸಮೇತ. ಒಳಗೆ ಚಿಕ್ಕಮ್ಮನ ಕತೆ! ತಮ್ಮ ಪಾಪವನ್ನು ತಾವೇ ತೆಂಗಿನಕಾಯಿ ಜೊತೆ ಹಂಚಲಿ.

ಮುನ್ನುಡಿ ನನ್ನದು. ಈಗಾಗಲೇ ಎರಡು ಪುಟ ಆಯಿತು.

ಶುಕ್ರವಾರ, ಏಪ್ರಿಲ್ 18. ಸನ್‌ಶೈನ್, ಮೆಲ್ಬರ್ನ್

ಗುಡ್ ಫ್ರೈಡೇ ರಜೆ. ಚಿಕ್ಕಮ್ಮನ ಫ್ಲ್ಯಾಟಿನ ಬಾಗಿಲಿಗೆ ಬೀಗವೇ ಹಾಕಿರಲಿಲ್ಲ. “ಒಳಗಿಂದ ಹಾಕಿದ್ರೂ ನಂಗೆ ಉಸಿರು ಕಟ್ತದೆ ಮಾರಾಯ,” ಅಂದಳು. ನನಗೆ ಬಂಗುಡೆ ಮೀನಿನ ಸಾರು ಮಾಡಿಟ್ಟಿದ್ದಳು.

ಮಧ್ಯಾಹ್ನ ಹೆಲೆನ್ ಬಂದಳು. ಒಳ್ಳೆಯ ಹೆಂಗಸು, ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ನಾನು ದುಭಾಷಿ. ಅವಳ ಸಂಸ್ಥೆ ಇಂಗ್ಲಿಷಿನಲ್ಲಿ ಒಂದು ಸಂಕಲನ ತರುತ್ತದಂತೆ. ಚಿಕ್ಕಮ್ಮನ ಬರಹ ಚಿಕ್ಕದಾಗಬೇಕು, ಹೆಸರು ಬದಲಾಯಿಸಬೇಕು, ಆರಂಭಕ್ಕೆ ಒಬ್ಬ ಮಾಜಿ ಜಡ್ಜ್ ಮುನ್ನುಡಿ ಬರೆಯುತ್ತಾರೆ. ಮತ್ತೆ, ಆ ಕೋಣೆಯಲ್ಲಿ ಆಕೆಗೆ ಏನೆನ್ನಿಸಿತು ಎಂಬುದು ಇನ್ನಷ್ಟು ಬೇಕು.

“ಇವಳಿಗೆ ನಾನು ಅಳ್ಬೇಕಾ?” ಚಿಕ್ಕಮ್ಮ ನನ್ನನ್ನು ಕೇಳಿದಳು.

“ಸ್ವಲ್ಪ ಅತ್ತರೆ ಒಳ್ಳೆದಂತೆ.”

“ಹೆಸರು ಯಾಕೆ ಬದಲಾಯಿಸುದು? ಕದ್ದದ್ದು ನಾನಲ್ಲ.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಹೆಲೆನ್ ಅದು ಆಕೆಯ ರಕ್ಷಣೆಗೆ ಅಂದಳು. ಹಾಗಾದರೆ ಇಂಗ್ಲಿಷೇ ಯಾಕೆ ಎಂದು ಚಿಕ್ಕಮ್ಮ ಕೇಳಿದಳು.

“ಇಂಗ್ಲಿಷಿನವರು ನನ್ನನ್ನು ನೋಡ್ಲೇ ಇಲ್ಲ. ನೋಡಿದವರು ಕನ್ನಡದವರು. ಹಬ್ಬಕ್ಕೆ ಬರ್ತಿದ್ರು, ನಾನು ಬಡಿಸಿದ್ದು ತಿಂತಿದ್ರು, ‘ವಿಜಯಾ, ನೀರುದೋಸೆ ಸೂಪರ್’ ಅಂತಿದ್ರು. ಒಬ್ಬರೂ ಒಂದು ದಿನ ನೀನು ಯಾರು, ಊಟ ಆಯ್ತಾ ಅಂತ ಕೇಳ್ಲಿಲ್ಲ. ನಾನು ಹೇಳ್ಬೇಕಾದ್ದು ಅವರಿಗೆ.”

ಇದೇ ಸುಸಂದರ್ಭವೆಂದು ಹೆಲೆನ್ ಹೋದ ಮೇಲೆ ನನ್ನ ತಂತ್ರವನ್ನು ಸಕಲ ಉಪಚಾರಗಳೊಂದಿಗೆ ನಿವೇದಿಸಿದೆ. ಪೇಟ, ರಟ್ಟು, ಸೂಟ್‌ಕೇಸು, ತೆಂಗಿನಕಾಯಿ. ಗೋಪೀನಾಥರು ವೇದಿಕೆಯ ಮೇಲೆ ಪುಸ್ತಕ ಬಿಡಿಸಿ ಬೆಪ್ಪಾಗುವುದನ್ನು ಅಭಿನಯಿಸಿಯೂ ತೋರಿಸಿದೆ. ಅವಳು ಹೊಟ್ಟೆ ಹಿಡಿದು ನಗುತ್ತಾಳೆ ಅಂದುಕೊಂಡಿದ್ದೆ.

ಅವಳು ಬಂಗುಡೆಯ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಒಟ್ಟುಮಾಡಿದಳು.

“ಅವನ ರಟ್ಟಿನ ಒಳಗೆ ನಾನು ಹೋಗ್ಬೇಕಾ?”

“ಒಳಗಲ್ಲ ಚಿಕ್ಕಮ್ಮ, ಅದೊಂದು...”

“ಒಳಗೇ. ಮುಂಬಾಗಿಲಲ್ಲಿ ಅವನ ಫೋಟೋ, ಒಳಗೆ ನಾನು. ಅದೇ ಮನೆ ಅಲ್ವಾ ತುಷಾರಾ? ಅಲ್ಲಿಂದ ಹೊರಗೆ ಬರ್ಲಿಕ್ಕೆ ನಾನು ಎಷ್ಟು ಪಾಡು ಪಟ್ಟೆ ಗೊತ್ತುಂಟಾ ನಿಂಗೆ?”

“ಮತ್ತೆ ಅವರನ್ನು ಹಾಗೇ ಬಿಡುದಾ?”

“ಬಿಡ್ತೇನೆ ಅಂತ ಯಾರು ಹೇಳಿದ್ದು? ಕತೆ ನಂದು. ಸೇಡೂ ನಂದೇ. ನೀನು ಅದಕ್ಕೆ ಮ್ಯಾನೇಜರ್ ಆಗುದು ಬೇಡ.”

ಶನಿವಾರ, ಏಪ್ರಿಲ್ 19. ಸನ್‌ಶೈನ್

ಮುನಿಸಿಕೊಂಡಿದ್ದೇನೆ. ಆಕೆ ಗಮನಿಸಿದಂತಿಲ್ಲ. ಬೇಕರಿಗೆ ಹೋಗುವಾಗ, “ಖಾಲಿ ಕೂರಬೇಡ, ಅಕ್ಷರ ತಪ್ಪಿದ್ರೆ ನೋಡು,” ಎಂದು ಅಜ್ಜಿಯ ಬಗ್ಗೆ ಬರೆದ ನಾಲ್ಕಾರು ಹಾಳೆ ಕೊಟ್ಟುಹೋದಳು. ಉಳಿದದ್ದು ಕೊಡಲಿಲ್ಲ.

ತಿದ್ದಲು ಕೂತೆ. ‘ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದಳು. ಅವಳ ಬೆರಳಿಗೆ ಯಾವಾಗಲೂ ಎಲೆಯ ವಾಸನೆ. ಅವಳು ಸತ್ತ ಸುದ್ದಿ ಯಜಮಾನ್ತಿ ಹೇಳಿದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಆದ್ದರಿಂದ ನಾನು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.’

ನನ್ನ ಮುನ್ನುಡಿಯಲ್ಲಿ ‘ಕಣ್ಣೀರಿನ ಕಡಲಲ್ಲಿ ಕಮರಿದ ಕುಸುಮ’ ಎಂದು ಬರೆದಿದ್ದೆ.

ಸಂಜೆ ಒಂದೇ ಒಂದು ಪ್ರಶ್ನೆ ಕೇಳಿದೆ: ಗೋಪೀನಾಥರ ಹೆಸರು ಎಲ್ಲಿ? ಬರೀ ಯಜಮಾನ, ಯಜಮಾನ್ತಿ.

“ನನ್ನ ಪುಸ್ತಕದಲ್ಲಿ ಅವ್ರಿಗೆ ಎಂತಕ್ಕೆ ಹೆಸರು? ಅಮ್ಮನಿಗುಂಟು, ನಿನಗುಂಟು, ಬಾಗಿಲು ತೆರೆದಿಟ್ಟ ಆ ಪ್ಲಂಬರನಿಗೂ ಉಂಟು.”

ಶನಿವಾರ, ಮೇ 10. ಕೆಲ್ಲಿವಿಲ್‌ನಿಂದ ಮರಳಿ

‘ಬೆಳಕಿನೆಡೆಗೆ ಗೋಪೀನಾಥ’. ಹೆಸರು ಅವರದೇ ಆಯ್ಕೆ. ಪ್ರೂಫ್ ತೋರಿಸಲು ಹೋದೆ. ನಾನು ಅಂದುಕೊಂಡಂತೆಯೇ ಆಯಿತು. ಅಂಕಲ್ ಐಪ್ಯಾಡ್ ಮೇಲೆ ಬೆರಳು ಸರಿಸುತ್ತ ಹೋದರು.

“ಈ ಫೋಟೋದಲ್ಲಿ ನನ್ನ ಹೊಟ್ಟೆ ಕಟ್ ಮಾಡೋಕಾಗುತ್ತಾ?”

“ಆಗುತ್ತೆ ಅಂಕಲ್.”

“ಹಂಗಾದ್ರೆ ಓಕೆ. ಕಳ್ಸಿಬಿಡು.”

ಒಂದು ಸಾಲನ್ನೂ ಓದಲಿಲ್ಲ! ಚಿಕ್ಕಮ್ಮ ಮೊನ್ನೆ ಪೂರ್ತಿ ಪುಸ್ತಕವನ್ನು ಪುಟ ಜೋಡಿಸಲು ಕಳಿಸಿದ್ದಾಳೆ. ‘ಅಕ್ಷರ ದೊಡ್ಡದು ಮಾಡು, ಮತ್ತೇನೂ ಮುಟ್ಟಬೇಡ, ಮುಗಿದ ಮೇಲೆ ಓದು’ ಎಂಬ ಆಜ್ಞೆಯೊಂದಿಗೆ. ಹಾಗಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಎರಡು ಫೈಲು. ಒಂದು ಬೆಳಕಿನೆಡೆಗೆ ಹೋಗುವುದು, ಇನ್ನೊಂದು ಅದೇ ರಟ್ಟು ತೊಟ್ಟ ಚಿಕ್ಕಮ್ಮನದು. ಅದನ್ನೂ ಜೋಡಿಸಿಬಿಟ್ಟಿದ್ದೇನೆ, ಸುಮ್ಮನೆ, ಹೇಗೆ ಕಾಣುತ್ತದೆ ನೋಡೋಣವೆಂದು. ಅದ್ಭುತವಾಗಿ ಕಾಣುತ್ತದೆ. ಒಂದು ಕ್ಲಿಕ್ ಸಾಕು. ಅಜ್ಜಿಯ ಪರವಾಗಿ ಒತ್ತಿದರೆ ತಪ್ಪೇನು? ಅಜ್ಜಿ ನನಗೂ ಅಜ್ಜಿಯೇ.

ಭಾನುವಾರ, ಮೇ 11

ಕಳಿಸಿದೆ. ಗೋಪೀನಾಥರದ್ದನ್ನೇ. ಮೂರು ಸಾಲಿನ ‘ಮನೆಮಗಳು’ ಸಹಿತ, ಕಾಗುಣಿತ ತಿದ್ದಿ. ಇನ್ನೊಂದನ್ನು ಅಳಿಸಿದೆ, ಚಿಕ್ಕಮ್ಮನ ಪುಟಗಳನ್ನು ಮಾತ್ರ ಆ ರಟ್ಟಿಲ್ಲದೆ ಅವಳಿಗೆ ಕಳಿಸಿದೆ. ಯಾಕೋ.

ಮುನ್ನುಡಿಯನ್ನೂ ಅಳಿಸಿದೆ. ಅದು ಚೆನ್ನಾಗಿರಲಿಲ್ಲ, ಅಷ್ಟೇ.

ಶನಿವಾರ, ಮೇ 24

ಚಿಕ್ಕಮ್ಮನ ಫೋನು. ಹೆಲೆನ್ ಅವಳ ಪುಸ್ತಕವನ್ನು ಕೇಸಿನ ವಕೀಲರಿಗೆ ತೋರಿಸಿದಳಂತೆ. ಗೋಪೀನಾಥರ ಹೆಸರಿಲ್ಲದ ಕಾರಣ ಅಡ್ಡಿಯಿಲ್ಲ ಅಂದರಂತೆ. ಸನ್‌ಶೈನಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಆಗಿ, ಪಿನ್ನು ಹೊಡೆದು ಬಂದಿದೆ. ಬೇಕರಿಯ ಹೆಂಗಸರು ಮಡಚಿಕೊಟ್ಟರಂತೆ. ನೀಲಿ ರಟ್ಟು.

“ಷಷ್ಟ್ಯಬ್ದಿ ಎಲ್ಲಿ?”

“ಕೆಲ್ಲಿವಿಲ್‌ನ ಹತ್ರ ಕಮ್ಯೂನಿಟಿ ಹಾಲ್. ಯಾಕೆ?”

“ನಿನ್ನ ಕ್ಲಾಸಿನ ಪಾಠದ ಆ ಜನ ಪುಸ್ತಕ ಹೊತ್ಕೊಂಡು ಹೋಗ್ತಿದ್ರು ಅಂದ್ಯಲ್ಲ. ನಂಗೂ ಕೈಕಾಲು ಗಟ್ಟಿ ಉಂಟು.”

“ಚಿಕ್ಕಮ್ಮ, ಅವರು ಏನಾದರೂ ಅಂದರೆ?”

“ಅನ್ಲಿ. ಅವ್ರು ಅಂದದ್ದೆಲ್ಲ ಕೇಳಿಯೇ ಬರೆದದ್ದು ನಾನು.” ಆಮೇಲೆ, “ನೀನು ಸ್ಟೇಷನ್‌ಗೆ ಬಾ. ಕೆಲ್ಲಿವಿಲ್‌ನಲ್ಲಿ ಒಬ್ಬಳೇ ಇಳಿಲಿಕ್ಕೆ ಆಗ್ತದೋ ಇಲ್ವೋ ಗೊತ್ತಿಲ್ಲ,” ಅಂದಳು.

ಭಾನುವಾರ, ಜೂನ್ 8

ಮೆಲ್ಬರ್ನ್‌ನಿಂದ ಬಂದಿಳಿದ ಚಿಕ್ಕಮ್ಮನೂ ನಾನೂ ಬೆಳಿಗ್ಗೆ ಮೆಟ್ರೋದಲ್ಲಿ ಜೊತೆಗೆ ಬಂದೆವು. ಚಿಕ್ಕಮ್ಮ ಕಾಟನ್ ಸೀರೆ, ಮೇಲೆ ಬೇಕರಿಯ ಜಾಕೆಟ್. ಕಾಲ ಬಳಿ ಪುಸ್ತಕದ ಚೀಲ. ಕೆಲ್ಲಿವಿಲ್ ಬಂದಾಗ ಬಾಗಿಲು ತೆರೆಯಿತು. ಅವಳು ಏಳಲಿಲ್ಲ. ಬಾಗಿಲು ಮುಚ್ಚಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರಂ ಬದಲಿಸಿ, ವಾಪಸ್ ಬಂದೆವು. ಎರಡನೇ ಸಲ ಅವಳೇ ಮೊದಲು ಇಳಿದಳು.

“ಒಂದು ತಿಳ್ಕೊ,” ಅಂದಳು ನಡೆಯುತ್ತ. “ನಾನು ಕ್ಷಮಿಸ್ಲಿಕ್ಕೆ ಬಂದದ್ದಲ್ಲ. ಮುಂದೆ ಯಾರಾದ್ರೂ ಹಾಗೆ ಬರೆದ್ರೆ ಕೈ ಮುರೀತೇನೆ.”

ಹಾಲ್‌ನ ಒಳಗೆ ಹೋಮದ ಹೊಗೆಗೆ ಫೈರ್ ಅಲಾರಂ ಆಗಬಾರದೆಂದು ಬಾಗಿಲುಗಳನ್ನೆಲ್ಲ ತೆರೆದಿದ್ದರು. ನಾನು ನಿರೂಪಕ. ‘ಷಷ್ಟಿಪೂರ್ತಿಯ ಶುಭಗಳಿಗೆಯಲ್ಲಿ’ ಎಂದು ಶುರುಮಾಡಿದವನು ಉಳಿದದ್ದನ್ನು ಚೀಟಿ ನೋಡಿ ಓದಿದೆ. ತೆರೆದ ಬಾಗಿಲಿನಾಚೆ ಚಿಕ್ಕಮ್ಮ ಒಬ್ಬಳೇ ಚಳಿಯಲ್ಲಿ ನಿಂತಿದ್ದಳು. ಪುಸ್ತಕ ಬಿಡುಗಡೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಎಬ್ಬಿಸಿ, ಮೈಕನ್ನು ಕುರ್ಚಿಯ ಮೇಲಿಟ್ಟು ಹೊರಗೆ ಹೋದೆ.

ಊಟ ಮುಗಿಸಿದವರು ತಾಂಬೂಲದ ಚೀಲ ಹಿಡಿದು ಕಾರಿನ ಕಡೆಗೆ ಬರತೊಡಗಿದರು. ಚಿಕ್ಕಮ್ಮ ಫುಟ್‌ಪಾತಿನಲ್ಲಿ ನಿಂತು ಒಬ್ಬೊಬ್ಬರಿಗೂ ಎರಡೂ ಕೈಯಲ್ಲಿ ಪುಸ್ತಕ ಕೊಟ್ಟಳು. ಷಷ್ಟ್ಯಬ್ದಿಯಲ್ಲಿ ಕೊಟ್ಟದ್ದನ್ನು ಯಾರು ಬೇಡವೆನ್ನುತ್ತಾರೆ? “ಓ, ಇನ್ನೊಂದಾ? ಥ್ಯಾಂಕ್ಯೂ ಆಂಟಿ,” ಎಂದು ತೆಗೆದುಕೊಂಡು ಅದೇ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಯಾರೋ ಒಬ್ಬರು ಕಾರಿನಲ್ಲಿ ಕೂತು ಬಿಡಿಸಿದರು. ಕಾರು ಹೊರಡಲಿಲ್ಲ. ಪಕ್ಕದ ಕಾರೂ ಹೊರಡಲಿಲ್ಲ. ಒಬ್ಬ ಹೆಂಗಸು ಗಾಜು ಇಳಿಸಿ ಚಿಕ್ಕಮ್ಮನನ್ನು ನೋಡಿದಳು, ಮತ್ತೆ ಪುಟ ನೋಡಿದಳು, ಗಾಜು ಏರಿಸಿದಳು.

ಗೋಪೀನಾಥರು ಪೇಟದಲ್ಲೇ ಬಾಗಿಲಿಗೆ ಬಂದರು. “ತುಷಾರ್! ಮೈಕ್ ಬಿಟ್ಟು ಇಲ್ಲೇನ್ ಮಾಡ್ತಿದೀಯ? ಯಾರದು?”

“ನನ್ನ ಚಿಕ್ಕಮ್ಮ, ಅಂಕಲ್.”

ಅವರ ಮುಖವನ್ನು ಕಣ್ತುಂಬ ನೋಡಬೇಕೆಂದು ಮಾರ್ಚಿನಿಂದ ಕಾದಿದ್ದೆ. ಈಗ ಬರೆಯಲು ಕೂತರೆ ಅದು ಹೇಗಿತ್ತೆಂದು ನೆನಪಿಲ್ಲ. ಚೀಲದಿಂದ ಪುಸ್ತಕ ತೆಗೆದುಕೊಡುತ್ತಿದ್ದೆ. ಜನ ಬರುತ್ತಲೇ ಇದ್ದರು.

ವಿಜಯಾ ಆಂಟಿ ರೇಷ್ಮೆ ಸೀರೆ ಎತ್ತಿಹಿಡಿದು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಯಾರೋ ಕೊಟ್ಟ ನೀಲಿ ಪುಸ್ತಕ.

“ಗಂಗಾ!”

ಯಾರನ್ನು ಕರೆಯುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಚಿಕ್ಕಮ್ಮ ತಿರುಗಲಿಲ್ಲ.

“ಏ ಗಂಗಾ! ಕೇಳಿಸ್ತಿಲ್ವಾ? ನಿಲ್ಸು ಅದನ್ನ!”

“ಗಂಗಾ ಯಾರು?” ಮೆಲ್ಲಗೆ ಕೇಳಿದೆ.

ಚಿಕ್ಕಮ್ಮ ಎದುರಿದ್ದ ಹಿರಿಯರೊಬ್ಬರಿಗೆ ಪುಸ್ತಕ ಕೊಟ್ಟು, ತುಟಿ ಅಲ್ಲಾಡಿಸದೆ ಹೇಳಿದಳು: “ನಾನು. ಅವ್ರ ಅತ್ತೆ ಹೆಸರೂ ಪ್ರಫುಲ್ಲಾ ಅಂತ. ಅತ್ತೆ ಹೆಸರು ಹಿಡಿದು ಕೆಲಸದವಳನ್ನು ಬೈಲಿಕ್ಕೆ ಆಗುದಿಲ್ವಲ್ಲ. ಬಂದ ದಿನವೇ ಬದಲಾಯಿಸಿದ್ರು. ಪುಸ್ತಕದಲ್ಲಿ ಆ ಹೆಸರು ನಾನು ಬರೀಲಿಲ್ಲ.”

“ಗಂಗಾ, ಪ್ಲೀಸ್. ಎಲ್ಲ ನೋಡ್ತಿದಾರೆ.”

ಚಿಕ್ಕಮ್ಮ ಇನ್ನೊಂದು ಪುಸ್ತಕಕ್ಕೆ ನನ್ನ ಕಡೆ ಕೈ ಚಾಚಿದಳು. ಅವಳ ಬೆನ್ನು ನೆಟ್ಟಗಿತ್ತು. ಕಾರುಗಳಿಂದ ಜನ ಇಳಿದು ನಿಂತಿದ್ದರು. ವಿಜಯಾ ಆಂಟಿ ಕೈಯಲ್ಲಿದ್ದ ಪುಸ್ತಕದ ರಟ್ಟು ನೋಡಿದರು, ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿದರು. ಆಮೇಲೆ ಕರೆದರು, ಗಂಟಲಿಗೆ ಮುಳ್ಳು ಸಿಕ್ಕಿದವರ ಹಾಗೆ:

“ಪ್ರಫುಲ್ಲಾ.”

ಚಿಕ್ಕಮ್ಮ ತಿರುಗಿದಳು.

“ಹಾಂ. ಹೇಳಿ.”

ವಿಜಯಾ ಆಂಟಿ ಕೈಯಲ್ಲಿದ್ದ ನೀಲಿ ಪುಸ್ತಕವನ್ನು ಸೆರಗಿನ ಅಡಿಗೆ ಸರಿಸಿದರು. ಚಿಕ್ಕಮ್ಮ ತನ್ನ ಕೈಯಲ್ಲಿದ್ದ ಪುಸ್ತಕವನ್ನು ಮುಂದಿನ ಕಾರಿನವರಿಗೆ ಕೊಡಲು ಹೋದಳು.